ಕೈಲಿ ಒಂದು

"ತಾತ, ಒಂದು ದ್ರಾಕ್ಷಿ ಕೊಡು."

ಡಬ್ಬಿಯ ಮುಚ್ಚಳ ತೆಗೆದು ಹಿಡಿ ತುಂಬ ಕೊಡಹೋದೆ. ಮೊಮ್ಮಗಳು ಕೈ ಹಿಂದಕ್ಕೆಳೆದುಕೊಂಡಳು. "ಇಷ್ಟಲ್ಲ. ಒಂದು. ಒಂದೇ ಒಂದು."

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಒಂದು ಎಂದರೆ ಎಷ್ಟು ಎನ್ನುವುದರಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಆದರೆ ಒಣದ್ರಾಕ್ಷಿಯನ್ನು ಒಂದರ ಲೆಕ್ಕದಲ್ಲಿ ಕೇಳುವವರನ್ನು ಕಂಡದ್ದು ಅವತ್ತೇ. ವಿಚಾರಿಸಿದರೆ ಅದು ಹೋಂವರ್ಕು. ಶಾಲೆಯಲ್ಲಿ ಹೊಸದಾಗಿ ಮೈಂಡ್‌ಫುಲ್‌ನೆಸ್ ಕ್ಲಾಸು ಶುರುವಾಗಿದೆ, ವಾರಕ್ಕೆ ಎರಡು ಪೀರಿಯಡ್ಡು. ಮಿಸ್ಸು ಹೇಳಿಕೊಟ್ಟ ಪ್ರಕಾರ ದ್ರಾಕ್ಷಿಯನ್ನು ಅಂಗೈ ಮೇಲಿಟ್ಟುಕೊಂಡು ಸುಕ್ಕು ನೋಡಬೇಕು, ಮೂಸಬೇಕು, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಹೊರಳಿಸಬೇಕು, ಆಮೇಲೆ ನಾಲಗೆಯ ಮೇಲಿಟ್ಟುಕೊಂಡು ಕಚ್ಚದೆ ಸುಮ್ಮನಿರಬೇಕು. ಒಟ್ಟು ಐದು ನಿಮಿಷ.

"ಎಂತ ಹೋಂವರ್ಕೋ!" ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ. ಅವಳು ಸಾಗರದ ಕಡೆಯವಳು. ನಲವತ್ತಾರು ವರ್ಷದ ಬಯಲುಸೀಮೆಯ ಸಂಸಾರಕ್ಕೆ ಅವಳ 'ಎಂತ'ವನ್ನು ಅಲುಗಿಸಲು ಆಗಿಲ್ಲ. "ಈ ಲೆಕ್ಕದಲ್ಲಿ ಒಂದು ಲೋಟ ಪಾಯಸ ಕುಡಿದು ಮುಗಿಸಲಿಕ್ಕೆ ಯುಗಾದಿಯಿಂದ ದೀಪಾವಳಿ ತನಕ ಬೇಕು."

ಮೊಮ್ಮಗಳಿಗೆ ಜೊತೆಯಾಗಲೆಂದು ನಾನೂ ಒಂದು ದ್ರಾಕ್ಷಿ ಹಿಡಿದು ಕೂತೆ. ಸುಕ್ಕು ನೋಡಿದೆ. ಇದು ವಿಜಯಪುರದ ಕಡೆಯದೇ ಇರಬೇಕು ಅನ್ನಿಸಿತು. ನಮ್ಮಲ್ಲಿ ದ್ರಾಕ್ಷಿ ಒಣಗಿಸುವ ಕಸುಬಿರುವುದು ಹೆಚ್ಚಾಗಿ ಅಲ್ಲೇ. ವಿಜಯಪುರ ಎಂದಕೂಡಲೇ ಗೋಳಗುಮ್ಮಟ ಬಂತು. ಗುಮ್ಮಟದ ಹಿಂದೆಯೇ 1991ರ ಶಾಲಾ ಪ್ರವಾಸ ಬಂತು. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಬ್ಬ ಹುಡುಗ ನಮ್ಮ ಹೆಡ್‌ಮಾಸ್ಟರ ಅಡ್ಡಹೆಸರನ್ನು ಕೂಗಿದ್ದೂ, ಆದಿಲ್‌ಶಾಹಿಗಳ ಆ ಕಟ್ಟಡ ಅದನ್ನು ಮತ್ತೆ ಮತ್ತೆ ಹೇಳಿ ದೃಢಪಡಿಸಿದ್ದೂ, ಹೆಡ್‌ಮಾಸ್ಟರು ಸುತ್ತ ತಿರುಗಿ ಪ್ರತಿಧ್ವನಿಯನ್ನು ಹಿಡಿಯಲು ನೋಡಿದ್ದೂ ಬಂತು. ಹುಡುಗನ ಮುಖ, ಅವನ ಮುಂದಿನ ಎರಡು ಹಲ್ಲಿನ ಸಂದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಹೆಸರು ಮಾತ್ರ ಬರಲಿಲ್ಲ. ಹೆಸರು ಹುಡುಕುತ್ತಿದ್ದಾಗ ಮೊಮ್ಮಗಳು ಕೇಳಿದಳು, "ತಾತ, ರುಚಿ ಹೇಗಿತ್ತು?"

ದ್ರಾಕ್ಷಿ ಆಗಲೇ ಹೊಟ್ಟೆ ಸೇರಿತ್ತು. ಯಾವಾಗ ಕಚ್ಚಿದೆನೋ ನಾನರಿಯೆ.

ಈ ದ್ರಾಕ್ಷಿಯ ಪಾಠ ಹೊರಟದ್ದು ಅಮೆರಿಕದಿಂದ ಎಂದು ಆಮೇಲೆ ಓದಿ ತಿಳಿದೆ. 1979ರಲ್ಲಿ ಜಾನ್ ಕಬಟ್‌ಜಿನ್ ಎಂಬಾತ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಔಷಧಿಯಿಂದ ಪೂರ್ತಿ ಗುಣವಾಗದ ನೋವಿನವರಿಗಾಗಿ ಧ್ಯಾನದ ತರಬೇತಿ ಶುರುಮಾಡಿದ. ಬೌದ್ಧರ ಧ್ಯಾನವನ್ನು ಬುದ್ಧನ ಹೆಸರೆತ್ತದೆ ಆಸ್ಪತ್ರೆಯ ಒಳಕ್ಕೆ ಕರೆತಂದ ಜಾಣ. ರೋಗಿಗಳ ಕೈಗೆ ಮೊದಲು ಕೊಟ್ಟದ್ದು ಒಣದ್ರಾಕ್ಷಿ. ಹೀಗೆ ನೋವಿನವರಿಗೆಂದು ಹುಟ್ಟಿದ್ದು ನಲವತ್ತು ಚಿಲ್ಲರೆ ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಹತ್ತಿರ ಬಂದು ನಿಂತಿದೆ. ಯೋಚಿಸಿದರೆ ಅಷ್ಟೇನೂ ದೂರದ ದಾರಿಯಲ್ಲ.

ಶಾಲೆಯ ಸುತ್ತೋಲೆಯಲ್ಲಿ ಏಕಾಗ್ರತೆ, ನೆನಪಿನ ಶಕ್ತಿ, ಫಲಿತಾಂಶ ಮೂರೂ ಹೆಚ್ಚುತ್ತವೆ ಎಂದಿತ್ತು. ಶುಲ್ಕವೂ ಹೆಚ್ಚುತ್ತದೆ ಎಂಬುದು ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿತ್ತು. ನನ್ನ ಸೊಸೆ ನಂಬಿದವಳು. "ಮಾವ, ಇದಕ್ಕೆ ಸೈಂಟಿಫಿಕ್ ಪ್ರೂಫ್ ಇದೆಯಂತೆ, ಬೇಕಾದರೆ ಓದಿ ನೋಡಿ" ಎಂದು ಫೋನು ಕೈಗಿಟ್ಟಳು. ಪ್ರೂಫ್ ಎಂಬ ಮಾತು ಕೇಳಿದರೆ ಗಣಿತದ ಮೇಷ್ಟರ ಕಿವಿ ನೆಟ್ಟಗಾಗುತ್ತದೆ. ಓದಿದೆ.

ಓದಲು ಕೂತವನು ಮೊದಲು ಎಡವಿದ್ದು ಒಂದು ಪದಕ್ಕೆ. ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಮಾತನ್ನು ಈ ಅರ್ಥದಲ್ಲಿ ಚಲಾವಣೆಗೆ ತಂದವನು ಟಿ. ಡಬ್ಲ್ಯು. ರೀಸ್ ಡೇವಿಡ್ಸ್. ಸಿಲೋನಿನಲ್ಲಿ ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿದ್ದವನು, ಪಾಲಿ ಕಲಿತು, 1881ರಲ್ಲಿ ಬೌದ್ಧ ಸುತ್ತಗಳ ಅನುವಾದ ತಂದ. ಅಲ್ಲಿ ಅವನಿಗೆ ಎದುರಾದ ಪಾಲಿ ಪದ 'ಸತಿ'. ಸಂಸ್ಕೃತದ 'ಸ್ಮೃತಿ'ಯೇ ಪಾಲಿಯ ಬಾಯಲ್ಲಿ ಸವೆದು ಸತಿ ಆಗಿದೆ. ಅಂದರೆ ಮೂಲದಲ್ಲಿ ಈ ವಿದ್ಯೆಯ ಹೆಸರೇ ನೆನಪು! ಧ್ಯಾನ ಮಾಡಿದರೆ ನೆನಪು ಹೆಚ್ಚುತ್ತದೆ ಎನ್ನುವುದು, ಊಟ ಮಾಡಿದರೆ ಉಂಡಂತಾಗುತ್ತದೆ ಎಂದ ಹಾಗಾಯಿತು. ಆದರೆ ಬುದ್ಧ ಹೇಳಿದ್ದು ಪಾಣಿಪತ್ ಕದನದ ಇಸವಿಯ ನೆನಪನ್ನಲ್ಲ. ಈಗ ಕೂತಿದ್ದೇನೆ, ಈಗ ಉಸಿರು ಒಳಗೆ ಹೋಗುತ್ತಿದೆ, ಈಗ ಬಾಯಲ್ಲಿ ದ್ರಾಕ್ಷಿ ಇದೆ ಎಂಬ ನೆನಪು. ಸದ್ಯವನ್ನು ಮರೆಯದಿರುವುದು.

ಈ ಶೋಧನೆಯನ್ನು ಅಡುಗೆಮನೆಗೆ ಹೋಗಿ ವರದಿ ಮಾಡಿದೆ. ಸತಿ ಎಂದರೆ ನೆನಪು ಅಂತೆ ಕಣೇ ಎಂದೆ.

"ಅದನ್ನು ಕಂಡುಹಿಡಿಯಲಿಕ್ಕೆ ಅವನು ಸಿಲೋನಿಗೆ ಹೋಗಬೇಕಿತ್ತೋ?" ಎಂದಳು. "ಈ ಮನೆಯಲ್ಲಿ ನೆನಪು ಅಂತ ಇರುವುದು ಸತಿಗೆ ಮಾತ್ರ. ಪತಿಗೆ ಇರುವುದು ಕನ್ನಡಕ ಹುಡುಕುವ ಕೆಲಸ."

ಒಪ್ಪಲೇಬೇಕಾದ ಮಾತು. ಅವಳ ತಲೆಯೊಳಗೆ ಒಂದು ಮುಯ್ಯಿ ಪುಸ್ತಕವಿದೆ. ಯಾರ ಮದುವೆಗೆ ನಾವು ಏನು ಕೊಟ್ಟೆವು, ನಮ್ಮ ಮಗನ ಮದುವೆಗೆ ಅವರು ಏನು ತಂದರು, ತಂದದ್ದು ನಾವು ಕೊಟ್ಟದ್ದಕ್ಕಿಂತ ಎಷ್ಟು ತೆಳುವಾಗಿತ್ತು, ಎಲ್ಲವೂ ತಾರೀಖಿನ ಸಮೇತ ಅಲ್ಲಿದೆ. ಅವಳು ಒಂದು ದಿನವೂ ಕಣ್ಣು ಮುಚ್ಚಿ ಕೂತು ಉಸಿರು ಎಣಿಸಿದವಳಲ್ಲ.

ನನ್ನ ಕಾಲದಲ್ಲಿ ಮೈಂಡ್‌ಫುಲ್‌ನೆಸ್‌ನ ಸಲಕರಣೆ ಎಂದರೆ ಸೀಮೆಸುಣ್ಣದ ಚೂರು. ತರಗತಿಯಲ್ಲಿ ಯಾರ ಮನಸ್ಸು ಕಿಟಕಿ ದಾಟಿತೋ ಅವನ ಕಡೆಗೆ ಗುರಿಯಿಟ್ಟು ಎಸೆಯುವುದು. ಇದಕ್ಕೆ ನಾಚಿಕೊಳ್ಳಬೇಕೆಂದು ಈಗಿನವರು ಹೇಳುತ್ತಾರೆ, ನಾಚಿಕೊಂಡಿದ್ದೇನೆ. ಆದರೆ ಜಪಾನಿನ ಜೆನ್ ಧ್ಯಾನಮಂದಿರಗಳಲ್ಲಿ ತೂಕಡಿಸುವವರ ಹೆಗಲಿಗೆ ಬಾರಿಸಲೆಂದೇ ಕ್ಯೊಸಾಕು ಎಂಬ ಚಪ್ಪಟೆ ಕೋಲು ಇರುತ್ತದೆಂದು ಓದಿದ ಮೇಲೆ ನಾಚಿಕೆ ಸ್ವಲ್ಪ ಇಳಿದಿದೆ.

ನಾನು ಪಾಠ ಹೇಳುತ್ತಿದ್ದದ್ದು ತಿಪಟೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ. ಮೂರು ಕಡೆಯೂ ತೆಂಗಿನ ತೋಟ. ಗೋಳಗುಮ್ಮಟದಲ್ಲಿ ಕೂಗಿದ ಅದೇ ಹುಡುಗ ಕಿಟಕಿಯ ಪಕ್ಕ ಕೂರುತ್ತಿದ್ದ. ಒಂದು ದಿನ ವರ್ಗಸಮೀಕರಣ ಬಿಡಿಸುತ್ತ ಹಿಂದಿರುಗಿ ನೋಡಿದರೆ ಅವನ ಕತ್ತು ಪೂರ್ತಿ ಹೊರಗಿದೆ. ಸೀಮೆಸುಣ್ಣ ಎಸೆದೆ. ಅವನು ತಿರುಗದೆಯೇ ಅದನ್ನು ಕ್ಯಾಚ್ ಹಿಡಿದ. "ಏನೋ ಉತ್ತರ?" ಎಂದು ಗದರಿದೆ.

"ಹದಿನೇಳು, ಸಾರ್."

"ಏನು ಹದಿನೇಳು?"

"ಕಾಯಿ, ಸಾರ್. ಮೂಲೆ ಮರದಲ್ಲಿ. ನಿನ್ನೆ ಹತ್ತೊಂಬತ್ತಿದ್ದೋ."

ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ, ಅವನನ್ನು ಎದ್ದು ನಿಲ್ಲಿಸಿದೆ. ಈಗ ಕೇಳಿಕೊಳ್ಳುತ್ತೇನೆ: ಅವನಿಗೆ ಗಮನವಿರಲಿಲ್ಲ ಎನ್ನಲು ಬರುತ್ತದೆಯೇ? ನಿನ್ನೆಯ ಲೆಕ್ಕ ನೆನಪಿತ್ತು, ಇವತ್ತಿನದನ್ನು ಕಣ್ಣಾರೆ ಎಣಿಸಿದ್ದ, ಜೊತೆಗೆ ಕಳವಿನ ಸಂಶಯವೂ ಇತ್ತು. ನನ್ನ ಸಮೀಕರಣ ಒಂದು ಬಿಟ್ಟರೆ ಬೇರೆಲ್ಲದರ ಮೇಲೂ ಅವನಿಗೆ ಗಮನವಿತ್ತು.

ಸೊಸೆ ಹೇಳಿದ ಪ್ರೂಫಿಗೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮ್ರಾಜೆಕ್, ಜೊನಾಥನ್ ಸ್ಕೂಲರ್ ಮೊದಲಾದವರು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗ. 48 ಮಂದಿ ಪದವಿ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಧ್ಯಾನದ ತರಗತಿ, ಇನ್ನೊಂದಕ್ಕೆ ಪೌಷ್ಟಿಕ ಆಹಾರದ ತರಗತಿ. ಎರಡು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ 45 ನಿಮಿಷ. ಧ್ಯಾನದವರು ಬೆನ್ನು ನೆಟ್ಟಗಿಟ್ಟು, ದೃಷ್ಟಿ ಕೆಳಗಿಳಿಸಿ, ಬಿಟ್ಟ ಉಸಿರನ್ನು 21ರ ತನಕ ಎಣಿಸಬೇಕು. ಆಹಾರದವರು ಏನು ತಿಂದೆವೆಂದು ಬರೆದಿಡಬೇಕು. ಮೊದಲು ಮತ್ತು ಕೊನೆಗೆ ಇಬ್ಬರಿಗೂ ಪರೀಕ್ಷೆ: ಜಿಆರ್‌ಇ ಎಂಬ ಪ್ರವೇಶಪರೀಕ್ಷೆಯ ಗದ್ಯ ಓದಿ ಉತ್ತರಿಸುವ ಭಾಗ, ಮತ್ತೆ ಒಂದು ನೆನಪಿನ ಕಸರತ್ತು. ಈ ಕಸರತ್ತಿನಲ್ಲಿ ಒಂದು ಅಕ್ಷರ ತೋರಿಸುತ್ತಾರೆ, ನಡುವೆ ಒಂದು ಲೆಕ್ಕ ಸರಿಯೋ ತಪ್ಪೋ ಕೇಳುತ್ತಾರೆ, ಮತ್ತೊಂದು ಅಕ್ಷರ, ಮತ್ತೊಂದು ಲೆಕ್ಕ. ಕೊನೆಗೆ ಅಕ್ಷರಗಳನ್ನೆಲ್ಲ ಸಾಲಾಗಿ ಹೇಳಬೇಕು.

ಹೀಗೆ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಇಂಗ್ಲಿಷಿನಲ್ಲಿ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಕನ್ನಡದಲ್ಲಿ ದೊಡ್ಡ ದೊಡ್ಡ ಪಾರಿಭಾಷಿಕ ಪದ ಕಟ್ಟಿದ್ದಾರೆ. ನನ್ನ ಪ್ರಕಾರ ಅದಕ್ಕೆ ಎರಡನೇ ತರಗತಿಯಲ್ಲೇ ಹೆಸರಿದೆ. 47ಕ್ಕೆ 38 ಕೂಡಿಸು: ಏಳೂ ಎಂಟೂ ಹದಿನೈದು, ಐದು ಬರೆದು ಕೈಲಿ ಒಂದು. ಆ 'ಕೈಲಿ ಒಂದು' ಎಲ್ಲಿರುತ್ತದೆ? ಸ್ಲೇಟಿನ ಮೇಲಿಲ್ಲ, ಕೈಯಲ್ಲೂ ಇಲ್ಲ. ಮುಂದಿನ ಸಾಲು ಮುಟ್ಟುವ ತನಕ ತಲೆಯಲ್ಲಿ ಜೋಪಾನವಾಗಿ ಹಿಡಿದುಕೊಂಡಿರಬೇಕಾದ ಒಂದು ಅದು. ಅಷ್ಟರಲ್ಲಿ ಹೊರಗೆ ಐಸ್‌ಕ್ಯಾಂಡಿಯವನ ಗಂಟೆ ಕೇಳಿತೋ, ಕೈಲಿದ್ದ ಒಂದು ಜಾರಿ ಬಿತ್ತು, ಉತ್ತರ ಎಪ್ಪತ್ತೈದು. ನನ್ನ ಮೂವತ್ತನಾಲ್ಕು ವರ್ಷದ ಕೆಂಪು ಶಾಯಿಯಲ್ಲಿ ಅರ್ಧ ಖರ್ಚಾದದ್ದು ಹೀಗೆ ಬಿದ್ದುಹೋದ ಒಂದುಗಳ ಮೇಲೆ.

ಎರಡು ವಾರದ ನಂತರ ಧ್ಯಾನದ ಗುಂಪಿನ ಜಿಆರ್‌ಇ ಅಂಕ ಸರಾಸರಿ 460ರಿಂದ 520ಕ್ಕೆ ಏರಿತ್ತು. ಅಕ್ಷರ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಹೆಚ್ಚಿತ್ತು. ಏನು ತಿಂದೆವೆಂದು ಬರೆದವರು ಇದ್ದಲ್ಲೇ ಇದ್ದರು. ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. ಲಾಭ ಬಂದದ್ದು ಮೊದಲೇ ಯಾರ ಮನಸ್ಸು ಹೆಚ್ಚು ಅಲೆಯುತ್ತಿತ್ತೋ ಅವರಿಗೆ, ಅಲೆದಾಟ ಕಡಿಮೆಯಾದ್ದರಿಂದ. ಎಂದರೆ ಹೊಸ ನೆನಪೇನೂ ಹುಟ್ಟಲಿಲ್ಲ, ಇದ್ದ ಪಾತ್ರೆಯ ತೂತು ಮುಚ್ಚಿತು. ಹಾಗಾದರೆ ಇದು ಮೊದಲ ಬೆಂಚಿನವರ ಔಷಧಿಯಲ್ಲ, ಕಿಟಕಿ ಪಕ್ಕದವರದ್ದು.

ನಲವತ್ತೆಂಟು ಜನ, ಎರಡು ವಾರ. ನಮ್ಮ ಶಾಲೆಯಲ್ಲಿ ಒಂದು ಸೆಕ್ಷನ್ನಿಗೇ ಅಷ್ಟು ಮಕ್ಕಳಿದ್ದರು. ಅಷ್ಟರಿಂದ ಲೋಕಕ್ಕೆಲ್ಲ ಪ್ರಮೇಯ ಬರೆಯಬಹುದೇ ಎಂದು ನನ್ನೊಳಗಿನ ಮೇಷ್ಟ್ರು ಗೊಣಗಿದ. ಗೊಣಗುತ್ತಲೇ ಮುಂದೆ ಓದಿದರೆ ಅದೇ ರಾಜ್ಯದ ಸ್ಯಾನ್ ಡಿಯಾಗೊದಿಂದ 2015ರಲ್ಲಿ ಬಂದ ಇನ್ನೊಂದು ವರದಿ ಸಿಕ್ಕಿತು. ಅಲ್ಲಿಯೂ ವಿದ್ಯಾರ್ಥಿಗಳೇ. ಕೆಲವರಿಗೆ 15 ನಿಮಿಷ ಉಸಿರಿನ ಧ್ಯಾನ, ಕೆಲವರಿಗೆ ಮನಸ್ಸನ್ನು ಇಷ್ಟಬಂದಲ್ಲಿ ಅಲೆಯಬಿಡಿ ಎಂಬ ಅಪ್ಪಣೆ. ಆಮೇಲೆ ಕಸಕ್ಕೆ ಸಂಬಂಧಪಟ್ಟ ಹದಿನೈದು ಪದಗಳ ಪಟ್ಟಿ ಕೊಟ್ಟರು. ಪಟ್ಟಿಯಲ್ಲಿ ತಿಪ್ಪೆ, ತೊಟ್ಟಿ, ಗಲೀಜು ಎಂಬಂಥ ಮಾತೆಲ್ಲ ಇತ್ತು, 'ಕಸ' ಎಂಬುದೇ ಇರಲಿಲ್ಲ. ಧ್ಯಾನ ಮಾಡಿದವರಲ್ಲಿ ಶೇ. 39 ಮಂದಿ 'ಕಸ' ಪಟ್ಟಿಯಲ್ಲಿತ್ತು ಎಂದು ಬರೆದರು. ಅಲೆದಾಡಿದವರಲ್ಲಿ ಶೇ. 20. ಬಂದ ಯೋಚನೆಯನ್ನೆಲ್ಲ ತೂಗಿನೋಡದೆ ಬರಮಾಡಿಕೊಳ್ಳುವ ಅಭ್ಯಾಸವಾದಾಗ, ಇದು ಕಣ್ಣಿಗೆ ಕಂಡದ್ದೋ ನನ್ನೊಳಗೇ ಹುಟ್ಟಿದ್ದೋ ಎಂಬ ಗುರುತು ಮಸಕಾಗುತ್ತದೆ ಎಂಬುದು ಅವರ ವಿವರಣೆ.

ಇದನ್ನು ಮನೆಯಲ್ಲೇ ಪರೀಕ್ಷಿಸೋಣವೆಂದು ಹೆಂಡತಿಯ ಮುಂದೆ ಒಂದು ಪಟ್ಟಿ ಓದಿದೆ. ಸಾಸಿವೆ, ಎಣ್ಣೆ, ಇಂಗು, ಕರಿಬೇವು, ಒಣಮೆಣಸಿನಕಾಯಿ, ಜೀರಿಗೆ, ಸೌಟು, ಚಟಪಟ. ಹತ್ತು ನಿಮಿಷ ಬಿಟ್ಟು, "ನಾನು ಒಗ್ಗರಣೆ ಅಂದೆನಾ?" ಎಂದು ಕೇಳಿದೆ.

"ಒಗ್ಗರಣೆ ಅನ್ನಲಿಲ್ಲ," ಎಂದಳು. "ಉದ್ದಿನಬೇಳೆಯನ್ನೂ ಅನ್ನಲಿಲ್ಲ. ಅದಿಲ್ಲದೆ ಎಂತ ಒಗ್ಗರಣೆ?"

ಹೇಳಿದ್ದನ್ನಷ್ಟೇ ಅಲ್ಲ, ಹೇಳದೇ ಬಿಟ್ಟದ್ದನ್ನೂ ನೆನಪಿಡುವವರಿಗೆ ಯಾವ ವಿಶ್ವವಿದ್ಯಾಲಯದ ಪಟ್ಟಿಯೂ ಸಾಲದು.

ಬ್ರಿಟನ್ನಿನವರು ಇನ್ನೂ ದೊಡ್ಡದಾಗಿ ನೋಡಿದರು. 85 ಶಾಲೆ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು, 11ರಿಂದ 14 ವಯಸ್ಸಿನವರು. ಅವರು ಅಳೆದದ್ದು ನೆನಪನ್ನಲ್ಲ, ಮುಖ್ಯವಾಗಿ ಮಕ್ಕಳ ಮನಸ್ಸಿನ ಸೌಖ್ಯವನ್ನು. 2022ರಲ್ಲಿ ಹೊರಬಿದ್ದ ಫಲಿತಾಂಶದಲ್ಲಿ, ಧ್ಯಾನದ ಪಾಠ ಶಾಲೆಗಳ ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಕೆಲಸ ಮಾಡಿರಲಿಲ್ಲ. ಕಾರಣ ಹುಡುಕುವಾಗ ತಿಳಿದದ್ದು, ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿಯೇ ಇರಲಿಲ್ಲ. ಮಕ್ಕಳು ಹೋಂವರ್ಕು ಮಾಡುವುದಿಲ್ಲ! ಇಷ್ಟೆಲ್ಲ ಓದಿನಲ್ಲಿ ನನ್ನ ಅನುಭವಕ್ಕೆ ಅಕ್ಷರಶಃ ತಾಳೆಯಾದ ಸಂಶೋಧನೆ ಇದೊಂದೇ.

ನೆನಪು, ಗಮನ ಎಂದು ತಲೆ ಕೆಡಿಸಿಕೊಂಡಾಗಲೆಲ್ಲ ನನಗೆ ಹಿಂದೊಮ್ಮೆ ತುಮಕೂರಿನಲ್ಲಿ ನೋಡಿದ ಅಷ್ಟಾವಧಾನ ಜ್ಞಾಪಕಕ್ಕೆ ಬರುತ್ತದೆ. ಅವಧಾನ ಎಂದರೇ ಗಮನ. ಕನ್ನಡದಲ್ಲಿ ಈ ಕಲೆಗೆ ಮತ್ತೆ ಸಭೆ ತುಂಬುವಂತೆ ಮಾಡಿದವರು ಶತಾವಧಾನಿ ಆರ್. ಗಣೇಶ್, ಅವರ ದಾರಿಯಲ್ಲಿ ಈಗ ಬೇರೆಯವರೂ ಇದ್ದಾರೆ. ಎಂಟು ಪೃಚ್ಛಕರು ಸುತ್ತ ಕೂತಿರುತ್ತಾರೆ. ಒಬ್ಬ ಅಸಂಬದ್ಧವಾದ ಒಂದು ಸಾಲು ಕೊಟ್ಟು ಅದಕ್ಕೆ ಅರ್ಥ ಬರುವಂತೆ ಪದ್ಯ ತುಂಬು ಎನ್ನುತ್ತಾನೆ, ಇನ್ನೊಬ್ಬ ಹೆಜ್ಜೆಹೆಜ್ಜೆಗೆ ಈ ಅಕ್ಷರ ಬೇಡ ಆ ಅಕ್ಷರ ಬೇಡ ಎನ್ನುತ್ತಾನೆ, ಮತ್ತೊಬ್ಬ ಮಾಯಾಚೌಕದ ಯಾವುದೋ ಮನೆಯ ಸಂಖ್ಯೆ ಕೇಳುತ್ತಾನೆ. ಅವಧಾನಿ ಒಂದು ಸುತ್ತಿಗೆ ಒಬ್ಬೊಬ್ಬರಿಗೆ ಒಂದೊಂದೇ ಸಾಲು ಕೊಡುತ್ತ ಹೋಗಿ, ನಾಲ್ಕು ಸುತ್ತು ಮುಗಿದ ಮೇಲೆ ಕಾಗದ ಪೆನ್ನಿಲ್ಲದೆ ಎಲ್ಲ ಪದ್ಯಗಳನ್ನೂ ಒಪ್ಪಿಸುತ್ತಾರೆ. ಕೈಲಿ ಒಂದಲ್ಲ, ಹತ್ತಾರು.

ಇವರ ನಡುವೆ ಅಪ್ರಸ್ತುತಪ್ರಸಂಗಿ ಎಂಬ ಮಹಾಶಯ ಇರುತ್ತಾನೆ. ಕೆಡಿಸುವುದೇ ಅವನ ಕೆಲಸ. ಅವಧಾನಿ ಪದ್ಯದ ಎರಡನೇ ಸಾಲಿನ ನಡುವಿದ್ದಾಗ, "ಸ್ವಾಮಿ, ಇವತ್ತು ನಿಮ್ಮನೇಲಿ ಏನು ಸಾರು?" ಎಂಬ ಧಾಟಿಯಲ್ಲಿ ಬಾಯಿ ಹಾಕುತ್ತಾನೆ. ಅವತ್ತಿನ ಅವಧಾನಿ ಅವನನ್ನು ಓಡಿಸಲೂ ಇಲ್ಲ, ಕಣ್ಣು ಮುಚ್ಚಿ ಕಿವಿ ಮುಚ್ಚಿ ಕೂರಲೂ ಇಲ್ಲ. ಸಾರಿನ ವಿಷಯಕ್ಕೆ ಒಂದು ಚಟಾಕಿ ಹಾರಿಸಿ, ಸಭೆ ನಕ್ಕು ಮುಗಿಯುವ ಮೊದಲೇ ಬಿಟ್ಟ ಅಕ್ಷರಕ್ಕೆ ಮರಳಿದರು. ನಾವು ಕೇಳುಗರು ನಗೆಯಲ್ಲಿ ಪದ್ಯ ಮರೆತಿದ್ದೆವು. ಅದಕ್ಕೆ ಹಿಂದೆ ಛಂದಸ್ಸಿನ ವರ್ಷಗಟ್ಟಲೆಯ ಸಾಧನೆ ಇರುತ್ತದೆ, ಒಂದು ವಾರದ ದ್ರಾಕ್ಷಿಯಲ್ಲ. ಆದರೂ ಅವತ್ತು ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಅನ್ನಿಸಿತ್ತು: ಅವರಿಗೆ ಒಬ್ಬನೇ ಅಪ್ರಸ್ತುತಪ್ರಸಂಗಿ, ನನ್ನ ಕ್ಲಾಸಿನಲ್ಲಿ ನಲವತ್ತು.

ಮನಸ್ಸಿನ ಅಲೆದಾಟಕ್ಕೂ ವಕೀಲರಿದ್ದಾರೆ. ವಿಚಿತ್ರವೆಂದರೆ ಅವರೂ ಸಾಂಟಾ ಬಾರ್ಬರಾದವರೇ, ಸ್ಕೂಲರನ ಅದೇ ಬಳಗ. 2012ರಲ್ಲಿ ಅವರು, ಇಟ್ಟಿಗೆಯಂಥ ಒಂದು ವಸ್ತುವಿನಿಂದ ಏನೇನು ಮಾಡಬಹುದು ಹೇಳಿ ಎಂದು ಕೇಳಿ, ನಡುವೆ ಒಂದು ವಿರಾಮ ಕೊಟ್ಟು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ವಿರಾಮದಲ್ಲಿ ಹಗುರವಾದ ಕೆಲಸ ಮಾಡುತ್ತ ಮನಸ್ಸನ್ನು ಮೇಯಲು ಬಿಟ್ಟವರಿಗೆ ಹೆಚ್ಚು ಹೊಸ ಉಪಾಯ ಹೊಳೆದವು. ಒಂದು ವರ್ಷ ಅಲೆದಾಟಕ್ಕೆ ಪ್ರಶಸ್ತಿಪತ್ರ, ಮರುವರ್ಷ ಅದಕ್ಕೇ ಚಿಕಿತ್ಸೆ. ಮೇಷ್ಟರ ಬಾಳೂ ಹೀಗೇ, ಬೇರೆಯವರನ್ನು ಆಡಿಕೊಳ್ಳಲು ನನಗೇನು ಹಕ್ಕು.

ಹೆಂಡತಿಗೆ ಈ ಯಾವುದರ ಮೇಲೂ ಭರವಸೆಯಿಲ್ಲ. ನೆನಪಿಗೆ ಅವಳ ಮದ್ದು ಒಂದೆಲಗ. ಕುಂಡದಲ್ಲಿ ಬೆಳೆಸಿದ್ದಾಳೆ. ಪರೀಕ್ಷೆ ಹತ್ತಿರ ಬಂತೆಂದರೆ ವಾರಕ್ಕೆ ಮೂರು ದಿನ ಅದರ ತಂಬುಳಿ, ಜೊತೆಗೆ ರಾತ್ರಿ ನೀರಲ್ಲಿ ನೆನೆಹಾಕಿದ ದ್ರಾಕ್ಷಿ ಬೆಳಿಗ್ಗೆ ಬರೀಹೊಟ್ಟೆಗೆ. ಒಂದೆಲಗ ತಿಂದರೆ ಲೆಕ್ಕ ಬರುತ್ತದೆಯೋ ಇಲ್ಲವೋ, ಮಜ್ಜಿಗೆ ಹುಳಿಯಾಗಿರದಿದ್ದರೆ ತಂಬುಳಿ ರುಚಿಯಾಗಿರುತ್ತದೆ ಎಂಬಷ್ಟನ್ನು ನಾನು ಸಾಕ್ಷಿ ಹೇಳಬಲ್ಲೆ. ಆದರೆ ಆ ನೆನೆಹಾಕುವ ಮಾತು ನನ್ನನ್ನು ಹಿಡಿದುಕೊಂಡಿತು. ಕನ್ನಡದಲ್ಲಿ ಉದ್ದೂ ನೆನೆಯುತ್ತದೆ, ಮನುಷ್ಯನೂ ನೆನೆಯುತ್ತಾನೆ. ಮಳೆಯಲ್ಲಿ ನೆನೆಯುವುದಕ್ಕೂ ಹೋದವರನ್ನು ನೆನೆಯುವುದಕ್ಕೂ ನಮ್ಮ ಹಿರಿಯರು ಬೇರೆ ಪದ ಹುಡುಕುವ ಗೋಜಿಗೇ ಹೋಗಲಿಲ್ಲ. ಭಾಷಾಶಾಸ್ತ್ರದವರು ಎರಡರ ಬೇರೂ ಬೇರೆ ಎಂದರೆ ಎನ್ನಲಿ. ಇಡ್ಲಿಗೆ ಹಾಕಿದ ಉದ್ದು ನೆನೆಯಲು ಹೊತ್ತು ಬೇಕು, ಬೆಳಿಗ್ಗೆ ಏಳಕ್ಕೆ ಹಾಕಿ ಏಳೂವರೆಗೆ ರುಬ್ಬಿದರೆ ಆಗದು ಎಂಬುದನ್ನು ಯಾವ ಮನೆಯಲ್ಲೂ ಹೇಳಿಕೊಡಬೇಕಾಗಿಲ್ಲ. ಪಾಠದ ವಿಷಯದಲ್ಲಿ ಮಾತ್ರ ಪರೀಕ್ಷೆಯ ಹಿಂದಿನ ರಾತ್ರಿ ಹಾಕಿ ಬೆಳಿಗ್ಗೆ ರುಬ್ಬುತ್ತೇವೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ ಮಾಡಿ, ಒಂದೇ ಸಲ ಗಟ್ಟಿಸುವುದಕ್ಕಿಂತ ದಿನಗಳ ಮೇಲೆ ಹಂಚಿ ಕಲಿತದ್ದು ನಿಲ್ಲುತ್ತದೆ ಎಂದು 1885ರಲ್ಲೇ ಬರೆದಿಟ್ಟ. ಪಾಪ, ಅವನ ಮನೆಯಲ್ಲಿ ಇಡ್ಲಿ ಮಾಡುತ್ತಿರಲಿಲ್ಲ.

ಈಗ ಸಂಜೆ ಆರೂವರೆಗೆ ಮೊಮ್ಮಗಳೂ ನಾನೂ ಹತ್ತು ನಿಮಿಷ ಕೂರುತ್ತೇವೆ. ಉಸಿರು ಎಣಿಸುತ್ತೇವೆ. ಅವಳು ಇಪ್ಪತ್ತೊಂದು ಮುಟ್ಟುತ್ತಾಳೆ. ನಾನು ಹದಿನೇಳಕ್ಕೆ ಬರುತ್ತಿದ್ದ ಹಾಗೆ ಮೂಲೆ ಮರ ಕಾಣಿಸುತ್ತದೆ, ಕಾಯಿ ಕಾಣಿಸುತ್ತವೆ, ಸಂದು ಹಲ್ಲಿನ ಹುಡುಗ ಸೀಮೆಸುಣ್ಣ ಹಿಡಿದು ನಗುತ್ತಾನೆ. ಏನಪ್ಪಾ ನಿನ್ನ ಹೆಸರು ಎಂದು ಕೇಳುತ್ತೇನೆ. ಅವನು ಹೇಳುವುದಿಲ್ಲ. ಗಡಿಯಾರ ಕೂಗುತ್ತದೆ.

"ಎಲ್ಲಿಗೆ ಹೋಗಿದ್ದೆ ತಾತ?"

"ತಿಪಟೂರಿಗೆ."

"ವಾಪಸ್ ಬಂದೆಯಲ್ಲ. ಬಂದರೆ ಸಾಕು ಅಂತಾರೆ ಮಿಸ್. ಹೋಗಬಾರದು ಅಂತ ಇಲ್ಲವಂತೆ."

ನಮ್ಮ ಕಾಲದಲ್ಲಿ ಇಂಥ ಮಿಸ್ಸುಗಳಿರಲಿಲ್ಲ, ಇದ್ದಿದ್ದರೆ ಒಂದಷ್ಟು ಸೀಮೆಸುಣ್ಣ ಉಳಿಯುತ್ತಿತ್ತು. ಮೊದಲ ಯೂನಿಟ್ ಟೆಸ್ಟಿನಲ್ಲಿ ಮೊಮ್ಮಗಳಿಗೆ ಗಣಿತದಲ್ಲಿ ಎರಡು ಅಂಕ ಹೆಚ್ಚು ಬಂದಿತು. ಸೊಸೆ ಅದನ್ನು ಧ್ಯಾನದ ಖಾತೆಗೆ ಬರೆದಳು, ಹೆಂಡತಿ ತಂಬುಳಿಯ ಖಾತೆಗೆ. ಅವಳಿಗೆ ಬೀಜಗಣಿತ ಹೇಳಿಕೊಟ್ಟವನು ನಾನು ಎಂಬುದನ್ನು ಯಾರೂ ಎತ್ತಲಿಲ್ಲ. ನಾನೂ ಬಿಟ್ಟುಬಿಟ್ಟೆ.

ಮೊನ್ನೆ ರಾತ್ರಿ ಹೆಂಡತಿ ಮಲಗಲು ಹೊರಟವಳು, "ರೀ, ದ್ರಾಕ್ಷಿ ಬಟ್ಟಲಿಗೆ ಹಾಕಿಟ್ಟಿದ್ದೇನೆ, ನೀರೊಂದು ಹಾಕಿ ಮುಚ್ಚಿಡಿ" ಎಂದಳು. ಅಡುಗೆಮನೆಗೆ ಹೋದೆ. ಚೊಂಬಿನಲ್ಲಿ ನೀರು ತುಂಬಿಕೊಂಡೆ. ಉಸಿರಿನ ಕಡೆ ನನಗೆ ಗಮನವಿರಲಿಲ್ಲ, ಹುಡುಗನ ಕಡೆ ಮೊದಲೇ ಇರಲಿಲ್ಲ. ಯಾರೂ ಕರೆಯದೆ, ಬಾಗಿಲು ತಟ್ಟದೆ, ಅವನ ಹೆಸರು ಪೂರ್ತಿಯಾಗಿ, ಇನಿಷಿಯಲ್ ಸಮೇತ, ಬಂದು ನಿಂತಿತು.

ಓಡಿದೆ. "ಇವಳೇ, ಸಿಕ್ಕಿತು!" ಎಂದು ಹೆಸರು ಹೇಳಿದೆ.

"ಅವನಾ," ಎಂದಳು, ಕಣ್ಣು ತೆರೆಯದೆ. "ತೆಂಗಿನಕಾಯಿ ಹುಡುಗ. ಅವನ ಮದುವೆಗೆ ತಿಪಟೂರಿಗೆ ಹೋಗಿದ್ದೆವಲ್ಲ. ಸ್ಟೀಲ್ ಕೊಳಗ ಮುಯ್ಯಿ ಮಾಡಿದ್ದು. ನಮ್ಮ ಮಗನ ಮದುವೆಗೆ ಅವನು ನೂರು ಕಾಯಿ ತಂದು ಇಳಿಸಿದ್ದ. ಇಷ್ಟು ದಿನ ಆ ಹೆಸರು ಹುಡುಕುತ್ತಿದ್ದಿರೋ? ಕೇಳಿದ್ದರೆ ಹೇಳುತ್ತಿದ್ದೆನಲ್ಲ."

ನಾನು ಸುಮ್ಮನೆ ನಿಂತಿದ್ದೆ.

"ದ್ರಾಕ್ಷಿಗೆ ನೀರು ಹಾಕಿದಿರೋ?"

ನೀರು ತುಂಬಿದ ಚೊಂಬು ಇನ್ನೂ ನನ್ನ ಕೈಲೇ ಇತ್ತು.